ಹಳೆಯ ಅಪರಾಧ ಚಿತ್ರಗಳೂ ಹೊರನಾಡಿನ ಡಿಸ್ಕುಗಳೂ

ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಅಮೆರಿಕದಲ್ಲಿ ತಯಾರಾದ ಅಪರಾಧ ಚಿತ್ರಗಳನ್ನು ಇಂದು ಎಲ್ಲರೂ ‘ಫಿಲ್ಮ್ ನ್ವಾರ್’, ಅಂದರೆ ಕಪ್ಪು ಚಿತ್ರ, ಎಂದು ಕರೆಯುತ್ತಾರೆ. ಈ ಹೆಸರನ್ನಿಟ್ಟವರು ಫ್ರೆಂಚರು. ಜರ್ಮನರ ಆಡಳಿತದಲ್ಲಿದ್ದಷ್ಟು ಕಾಲ ಫ್ರಾನ್ಸಿಗೆ ಅಮೆರಿಕದ ಚಿತ್ರಗಳ ಬರವು ನಿಂತುಹೋಗಿತ್ತು. ಯುದ್ಧ ಮುಗಿದು, 1946ರ ಬೇಸಿಗೆಯಲ್ಲಿ ‘ದಿ ಮಾಲ್ಟೀಸ್ ಫಾಲ್ಕನ್’ (1941), ‘ಲಾರಾ’ (1944), ‘ಡಬಲ್ ಇಂಡೆಮ್ನಿಟಿ’ (1944) ಮೊದಲಾದವು ಒಂದರ ಹಿಂದೊಂದು ಪ್ಯಾರಿಸ್ಸಿನ ತೆರೆಗೆ ಬಂದವು. ವರ್ಷಗಟ್ಟಲೆ ತಡೆದಿಟ್ಟ ಸರಕು ಒಮ್ಮೆಲೇ ಕಣ್ಣಿಗೆ ಬಿದ್ದುದರಿಂದ ಅವುಗಳ ನಡುವಿನ ಹೋಲಿಕೆ ಅಲ್ಲಿಯವರಿಗೆ ಬೇಗ ಹೊಳೆಯಿತು. ನೀನೋ ಫ್ರಾಂಕ್ ಎಂಬ ವಿಮರ್ಶಕ ಅದೇ ವರ್ಷ ಆಗಸ್ಟ್ ತಿಂಗಳಲ್ಲಿ ಈ ಚಿತ್ರಗಳ ಬಗ್ಗೆ ಬರೆಯುತ್ತ ‘ಕಪ್ಪು’ ಎಂಬ ವಿಶೇಷಣವನ್ನು ಬಳಸಿದ. ಹೆಸರು ಅಂಟಿಕೊಂಡಿತು.

ಹಾಲಿವುಡ್ಡಿನ ದೊಡ್ಡ ಕಂಪನಿಗಳಿಗೆ ಮಾತ್ರ ಇಂಥ ಚಿತ್ರಗಳಲ್ಲಿ ಬಹುಪಾಲು ಎರಡನೆಯ ಸಾಲಿನ ಸರಕು. ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸುವ ಪದ್ಧತಿ ಅಲ್ಲಿತ್ತು. ಮೊದಲನೆಯದು ತಾರೆಯರ ಚಿತ್ರ. ಅದರ ಬಾಲಕ್ಕೆ ಕಟ್ಟಿದ್ದು ಅಗ್ಗದ ಕೊಲೆಯ ಕಥೆ. ಹಣ ಕಡಮೆ, ಸೆಟ್ಟು ಹಳೆಯದು. ಕೋಣೆಯ ಅರ್ಧವನ್ನು ಕತ್ತಲೆಯಲ್ಲಿಟ್ಟರೆ ಅರ್ಧ ಸೆಟ್ಟಿನ ಖರ್ಚು ಉಳಿಯುತ್ತದೆ! ಈ ಬಡತನಕ್ಕೆ ಒಂದು ಹದ ಕೊಟ್ಟವರಲ್ಲಿ ಫ್ರಿಟ್ಸ್ ಲಾಂಗ್, ರಾಬರ್ಟ್ ಸಿಯಾಡ್ಮಾಕ್, ಬಿಲ್ಲಿ ವೈಲ್ಡರ್ ಮುಂತಾದ ನಿರ್ದೇಶಕರು ಮುಖ್ಯರು. ಹಿಟ್ಲರನ ಕಾಟಕ್ಕೆ ಬರ್ಲಿನ್ ಬಿಟ್ಟು ಓಡಿಬಂದವರು ಇವರು. ನೆರಳು-ಬೆಳಕಿನ ವಿದ್ಯೆಯನ್ನು ಅಲ್ಲಿಂದಲೇ ಹೊತ್ತು ತಂದಿದ್ದರು. ಊರು ಬಿಟ್ಟವನ ಅಂಜಿಕೆಯೂ ಆ ನೆರಳಿನಲ್ಲಿ ಸ್ವಲ್ಪ ಬೆರೆತಿತ್ತೆಂದು ನನ್ನ ಎಣಿಕೆ.

ಅಗ್ಗದ ಸರಕನ್ನು ಯಾರು ಜೋಪಾನ ಮಾಡುತ್ತಾರೆ? ಆ ಕಾಲದ ಫಿಲ್ಮು ಸೆಲ್ಯುಲೋಸ್ ನೈಟ್ರೇಟಿನದು. ರಸಾಯನಶಾಸ್ತ್ರದ ಪ್ರಕಾರ ಸಿಡಿಮದ್ದಿನ ಹತ್ತಿರದ ಸಂಬಂಧಿ. ಹೊತ್ತಿಕೊಂಡರೆ ಅದಕ್ಕೆ ಹೊರಗಿನ ಗಾಳಿ ಬೇಡ, ನೀರಿನೊಳಗೂ ಉರಿಯುತ್ತದೆ. ಬೆಂಕಿ ತಗಲದಿದ್ದರೂ ವರ್ಷಗಳು ಕಳೆದಂತೆ ಅಂಟಂಟಾಗಿ, ಕೊನೆಗೆ ಕಂದು ಪುಡಿಯಾಗುತ್ತದೆ. 1950ರ ದಶಕದ ಆರಂಭದಲ್ಲಿ ಇದರ ತಯಾರಿಕೆ ನಿಂತಿತು. ಇದು ಸಾಲದೆಂಬಂತೆ ಕಾನೂನಿನ ತೊಡಕು ಬೇರೆ. ಆಗಿನ ಅಮೆರಿಕದ ಕಾಯಿದೆಯಂತೆ ಒಂದು ಚಿತ್ರದ ಹಕ್ಕು 28 ವರ್ಷಗಳದು. ಆಮೇಲೆ ಅರ್ಜಿ ಹಾಕಿ ನವೀಕರಿಸಬೇಕು. ಚಿಕ್ಕ ಕಂಪನಿಗಳು ಮುಚ್ಚಿಹೋಗಿದ್ದವು, ಅರ್ಜಿ ಹಾಕುವವರೇ ಇಲ್ಲ. ಹೀಗೆ ‘ಡೀಟೂರ್’ (1945), ‘ಡಿ.ಓ.ಎ.’ (1950) ಮೊದಲಾದವು ಯಾರ ಸೊತ್ತೂ ಅಲ್ಲದವಾದವು. ಯಾರ ಸೊತ್ತೂ ಅಲ್ಲದ್ದನ್ನು ಯಾರು ಬೇಕಾದರೂ ಮಾರಬಹುದು. ಆದರೆ ದುರಸ್ತಿಗೆ ಯಾರೂ ದುಡ್ಡು ಹಾಕುವುದಿಲ್ಲ. ಸವೆದ ಪ್ರಿಂಟಿನಿಂದ ಪ್ರತಿ, ಪ್ರತಿಯಿಂದ ಮತ್ತೊಂದು ಪ್ರತಿ ಎಂದು ತೆಗೆದ ವಿಡಿಯೋ ಕ್ಯಾಸೆಟ್ಟುಗಳಲ್ಲಿ ಕತ್ತಲೆಯೆಲ್ಲ ಬೂದಿಯ ಬಣ್ಣವಾಗಿ, ಮುಖಗಳೆಲ್ಲ ಹಿಟ್ಟು ಬಳಿದಂತಾಗಿ ಕಾಣುತ್ತಿದ್ದವು. ಬಹುಕಾಲ ಜನ ಇವನ್ನು ನೋಡಿದ್ದು ಹೀಗೆಯೇ.

ಈಗ ಡಿಸ್ಕಿನ ಮಾತು. ಡಿ.ವಿ.ಡಿ.ಯನ್ನು ಓದುವುದು 650 ನ್ಯಾನೋಮೀಟರ್ ಅಲೆಯುದ್ದದ ಕೆಂಪು ಲೇಸರು. 2006ರಲ್ಲಿ ಮಾರುಕಟ್ಟೆಗೆ ಬಂದ ಬ್ಲೂ-ರೇಯನ್ನು ಓದುವುದು 405 ನ್ಯಾನೋಮೀಟರಿನ ನೀಲಿ-ನೇರಳೆ ಲೇಸರು. ಸಣ್ಣ ಮೊನೆಯ ಲೇಖನಿಯಿಂದ ಒತ್ತೊತ್ತಾಗಿ ಬರೆದಂತೆ, ಅದೇ 12 ಸೆಂಟಿಮೀಟರಿನ ತಟ್ಟೆಯಲ್ಲಿ 4.7 ಗಿಗಾಬೈಟಿನ ಬದಲು ಒಂದು ಪದರಕ್ಕೆ 25 ಗಿಗಾಬೈಟು ಹಿಡಿಯುತ್ತದೆ. ಬಣ್ಣದ ಹೊಸ ಚಿತ್ರಗಳಿಗಿಂತ ಈ ಕಪ್ಪು-ಬಿಳುಪಿನವಕ್ಕೇ ಇದರಿಂದ ಹೆಚ್ಚಿನ ಲಾಭವಾಯಿತೆಂದು ನಾನು ಹೇಳಬಲ್ಲೆ. ಕಪ್ಪಿನೊಳಗೆ ಕಪ್ಪು ಕೋಟು ತೊಟ್ಟು ನಿಂತವನನ್ನು ಬೇರ್ಪಡಿಸಿ ತೋರಿಸುವುದು ಹಳೆಯ ಡಿಸ್ಕಿನ ಕೈಲಾಗುತ್ತಿರಲಿಲ್ಲ. ಇನ್ನೊಂದು ಸಂಗತಿ ಅನೇಕರ ಗಮನಕ್ಕೆ ಬಂದಿರಲಾರದು. ಚಿತ್ರ ಓಡುವುದು ಸೆಕೆಂಡಿಗೆ 24 ಚೌಕಟ್ಟುಗಳಂತೆ. ಯೂರೋಪಿನ ಮತ್ತು ನಮ್ಮ ದೂರದರ್ಶನದ ಪದ್ಧತಿ 25ರದು. ಆ ಪದ್ಧತಿಯ ಡಿ.ವಿ.ಡಿ.ಗಳಲ್ಲಿ 100 ನಿಮಿಷದ ಚಿತ್ರ 96 ನಿಮಿಷಕ್ಕೇ ಮುಗಿಯುತ್ತಿತ್ತು, ಹಂಫ್ರಿ ಬೋಗಾರ್ಟನ ದಪ್ಪ ಕಂಠವೂ ಕೊಂಚ ತೆಳುವಾಗುತ್ತಿತ್ತು. ಬ್ಲೂ-ರೇಯಲ್ಲಿ 24ಕ್ಕೆ 24 ಸರಿಹೋಯಿತು.

ಆದರೆ ತಟ್ಟೆ ಎಷ್ಟು ಒಳ್ಳೆಯದಾದರೇನು, ಅದರ ಮೇಲೆ ಒತ್ತಲು ಒಳ್ಳೆಯ ಪ್ರತಿ ಬೇಕಲ್ಲ. ನಿಜವಾದ ಪತ್ತೇದಾರಿ ಕೆಲಸ ಇರುವುದು ಇಲ್ಲಿ. ಆರ್ಸನ್ ವೆಲ್ಸನ ‘ಟಚ್ ಆಫ್ ಈವಿಲ್’ ಚಿತ್ರದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಮೆಕ್ಸಿಕೋ ಗಡಿಯ ಊರೊಂದರಲ್ಲಿ ನಡೆಯುವ ಕಥೆ. ಕಾರಿನಲ್ಲಿ ಬಾಂಬು ಇಡುವಲ್ಲಿಂದ ಹಿಡಿದು ಅದು ಗಡಿ ದಾಟುವವರೆಗೆ ಮೂರು ನಿಮಿಷಕ್ಕೂ ಮೇಲ್ಪಟ್ಟು ಎಲ್ಲಿಯೂ ಕತ್ತರಿಸದ ಒಂದೇ ಚಿತ್ರಿಕೆಯಿಂದ ಆರಂಭ. 1957ರಲ್ಲಿ ವೆಲ್ಸ್ ಸಂಕಲನ ಮುಗಿಸುವ ಮೊದಲೇ ಯೂನಿವರ್ಸಲ್ ಕಂಪನಿ ಚಿತ್ರವನ್ನು ತನ್ನ ಕೈಗೆ ತೆಗೆದುಕೊಂಡಿತು. ಬೇರೊಬ್ಬ ನಿರ್ದೇಶಕನಿಂದ ಕೆಲವು ದೃಶ್ಯ ತೆಗೆಸಿ ಸೇರಿಸಿತು. ಆ ರೂಪವನ್ನು ಒಮ್ಮೆ ನೋಡಲು ಸಿಕ್ಕಾಗ ವೆಲ್ಸ್ ಜಗಳಕ್ಕೆ ನಿಲ್ಲಲಿಲ್ಲ. ಎಲ್ಲೆಲ್ಲಿ ಏನನ್ನು ಹೇಗೆ ತಿದ್ದಬೇಕೆಂದು 58 ಪುಟಗಳ ಟಿಪ್ಪಣಿಯೊಂದನ್ನು ವಿನಯದಿಂದಲೇ ಬರೆದು ಕಳಿಸಿದ. (ಕಚೇರಿಯಲ್ಲಿ ಟಿಪ್ಪಣಿ ಬರೆದು ಬದುಕುವ ನಮ್ಮಂಥವರು ಓದಬೇಕಾದ ಟಿಪ್ಪಣಿ ಅದು.) ಅದರಲ್ಲಿ ಬಹುಪಾಲು ಕಡತದಲ್ಲೇ ಉಳಿಯಿತು. ಚಿತ್ರ 1958ರಲ್ಲಿ ಸುಮಾರು 95 ನಿಮಿಷಕ್ಕೆ ಇಳಿದು, ಜೋಡಿ ಪ್ರದರ್ಶನದ ಎರಡನೆಯ ಚಿತ್ರವಾಗಿ ತೆರೆ ಕಂಡಿತು. ಆ ಮೊದಲ ಚಿತ್ರಿಕೆಯ ಮೇಲೆ ಹೆಸರುಗಳನ್ನೂ ವಾದ್ಯಸಂಗೀತವನ್ನೂ ಹೇರಿದ್ದರು.

1970ರ ದಶಕದಲ್ಲಿ ಕಂಪನಿಯ ಉಗ್ರಾಣದಲ್ಲಿ ಇದಕ್ಕಿಂತ ಉದ್ದನೆಯ ಪ್ರತಿಯೊಂದು ಸಿಕ್ಕಿತು. ವೆಲ್ಸ್ 1985ರಲ್ಲಿ ತೀರಿಕೊಂಡ. 1998ರಲ್ಲಿ ವಾಲ್ಟರ್ ಮರ್ಚ್ ಎಂಬ ಸಂಕಲನಕಾರ ಆ 58 ಪುಟಗಳನ್ನು ಮುಂದಿಟ್ಟುಕೊಂಡು, ನಿರ್ದೇಶಕನಿಲ್ಲದೆ ಅವನ ಮಾತಿನಂತೆ ಚಿತ್ರವನ್ನು ಮತ್ತೆ ಕೂಡಿಸಿದ. ಮೊದಲ ಚಿತ್ರಿಕೆಯ ಮೇಲಿನ ಹೆಸರುಗಳು ಹೋದವು. ಸಂಗೀತದ ಬದಲು ಬೀದಿಯ ಸದ್ದು, ಹಾದುಹೋಗುವ ಮದ್ಯದಂಗಡಿಗಳ ಹಾಡು, ಕಾರಿನ ರೇಡಿಯೋ ಕೇಳಿಸತೊಡಗಿದವು. ಹಾಗಾದರೆ ನಿಜವಾದ ‘ಟಚ್ ಆಫ್ ಈವಿಲ್’ ಯಾವುದು? ವೆಲ್ಸ್ ಕೈಯಾರೆ ಮುಗಿಸಿದ್ದೆನ್ನುವುದು ಒಂದೂ ಇಲ್ಲ. ಇಂಗ್ಲೆಂಡಿನ ಯುರೇಕಾ ಸಂಸ್ಥೆ 2011ರಲ್ಲಿ ಮೂರೂ ರೂಪಗಳನ್ನು ಬ್ಲೂ-ರೇಯಲ್ಲಿ ಒಟ್ಟಿಗೆ ಹೊರತಂದಿತು. ಚಿತ್ರದ ತವರಾದ ಅಮೆರಿಕದಲ್ಲಿ ಅದು ಬಂದದ್ದು 2014ರಲ್ಲಿ. ನಡುವಿನ ಮೂರು ವರ್ಷ ತಮ್ಮ ದೇಶದ ಚಿತ್ರವನ್ನು ಅಮೆರಿಕದವರೇ ಇಂಗ್ಲೆಂಡಿನಿಂದ ತರಿಸಿಕೊಳ್ಳಬೇಕಾಯಿತು!

‘ದಿ ಬಿಗ್ ಸ್ಲೀಪ್’ನದು ಬೇರೆ ತರಹೆ. 1945ರಲ್ಲಿ ಸಿದ್ಧವಾದ ಚಿತ್ರವನ್ನು ಹೊರದೇಶದಲ್ಲಿದ್ದ ಸೈನಿಕರಿಗೆ ತೋರಿಸಿದ್ದರು. ಆಮೇಲೆ ಲಾರೆನ್ ಬಕಾಲಳಿಗೆ ಹೆಚ್ಚಿನ ಅವಕಾಶ ಬೇಕೆಂದು ಹೊಸ ದೃಶ್ಯಗಳನ್ನು ತೆಗೆದು, ಕೊಲೆಗಳ ಲೆಕ್ಕವನ್ನು ಬಿಡಿಸಿ ಹೇಳುವ ದೃಶ್ಯವನ್ನೇ ಕಿತ್ತುಹಾಕಿ 1946ರಲ್ಲಿ ಬಿಡುಗಡೆ ಮಾಡಿದರು. ಹಳೆಯ ರೂಪ ಸಾರ್ವಜನಿಕರ ಮುಂದೆ ಬಂದದ್ದು 1997ರಲ್ಲಿ. ಎರಡನ್ನೂ ಹೋಲಿಸಿ ನೋಡಿದರೆ ಕಥೆ ಅರ್ಥವಾಗುವುದು ಮೊದಲನೆಯದರಲ್ಲಿ, ರಂಜಿಸುವುದು ಎರಡನೆಯದು. ‘ಕಿಸ್ ಮಿ ಡೆಡ್ಲಿ’ (1955) ಚಿತ್ರದ ಕೊನೆಯ ಒಂದು ನಿಮಿಷದಷ್ಟು ಭಾಗ ಬಹಳ ವರ್ಷ ಕಾಣೆಯಾಗಿತ್ತು. ನಾಯಕನೂ ಅವನ ಜೊತೆಯವಳೂ ಮನೆಯೊಂದಿಗೆ ಸುಟ್ಟುಹೋದರೆಂದೇ ನೋಡಿದವರು ತಿಳಿದಿದ್ದರು. ವಿಮರ್ಶಕರೂ ಆ ಅಂತ್ಯದ ಮೇಲೆ ದೊಡ್ಡ ಅರ್ಥಗಳನ್ನು ಕಟ್ಟಿದ್ದರು. 1997ರಲ್ಲಿ ಆ ತುಣುಕನ್ನು ಮತ್ತೆ ಸೇರಿಸಿದಾಗ ನೋಡಿದರೆ, ಇಬ್ಬರೂ ತಡವರಿಸುತ್ತ ಸಮುದ್ರಕ್ಕೆ ಇಳಿದು ಉಳಿದುಕೊಂಡಿದ್ದಾರೆ.

ನನಗೆ ಇವೆಲ್ಲಕ್ಕಿಂತ ಹೆಚ್ಚಿನದೆನಿಸುವುದು ‘ವುಮನ್ ಆನ್ ದಿ ರನ್’ (1950). ಎಡ್ಡಿ ಮುಲ್ಲರ್ ಎಂಬ ಲೇಖಕ ಯೂನಿವರ್ಸಲ್ ಉಗ್ರಾಣದಲ್ಲಿದ್ದ ಇದರ ಪ್ರಿಂಟನ್ನು ಹುಡುಕಿಸಿ ತೆಗೆಸಿದ್ದ. 2008ರ ಜೂನ್ 1ರಂದು ಅಲ್ಲಿ ಎದ್ದ ಬೆಂಕಿಯಲ್ಲಿ ಅದು ಸುಟ್ಟುಹೋಯಿತು. ಆಮೇಲೆ ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಈ ಚಿತ್ರದ ಸಾಮಗ್ರಿ ಇದೆಯೆಂದು ಗೊತ್ತಾಗಿ, ಮುಲ್ಲರ್ ಸ್ಥಾಪಿಸಿದ ಫಿಲ್ಮ್ ನ್ವಾರ್ ಫೌಂಡೇಷನ್ನಿನ ಹಣದಿಂದ ದುರಸ್ತಿಯಾಗಿ, 2016ರಲ್ಲಿ ಡಿಸ್ಕಾಗಿ ಬಂತು. ಮೇಲೆ ಹೇಳಿದ ‘ಡೀಟೂರ್’ ಕೂಡ ಹೀಗೆಯೇ: ಬೆಲ್ಜಿಯಮ್ಮಿನ ಚಿತ್ರಾಗಾರದಲ್ಲಿದ್ದ ಒಳ್ಳೆಯ ಪ್ರತಿಯಲ್ಲಿ ಎರಡು ಭಾಷೆಯ ಅಡಿಬರಹಗಳು ಅಚ್ಚಾಗಿಬಿಟ್ಟಿದ್ದವು, ಅವನ್ನು ಚೌಕಟ್ಟು ಚೌಕಟ್ಟಾಗಿ ಅಳಿಸಿ ತೆಗೆದ ಚಿತ್ರವನ್ನು ಕ್ರೈಟೀರಿಯನ್ ಸಂಸ್ಥೆ 2019ರಲ್ಲಿ ಪ್ರಕಟಿಸಿತು. 68 ನಿಮಿಷದ ಅಗ್ಗದ ಚಿತ್ರಕ್ಕೆ ಇಷ್ಟು ಆರೈಕೆ! ಡಿಸ್ಕು ಕೊಳ್ಳುವವನು ತೆರುವ ಹಣ ಹೆಚ್ಚೆಂದು ಮನೆಯಲ್ಲಿ ಆಕ್ಷೇಪ ಬಂದಾಗ ನಾನು ಹೇಳುವ ಉತ್ತರ ಇದೇ. ಆ ಹಣದಲ್ಲಿ ಒಂದು ಪಾಲು ಇಂಥ ಆರೈಕೆಗೆ ಸಲ್ಲುತ್ತದೆ.

ನಮ್ಮ ದೇಶದಲ್ಲಿ ಕುಳಿತು ಇವನ್ನು ತರಿಸುವುದು ಸುಲಭವಲ್ಲ. ಬ್ಲೂ-ರೇಯ ಕಂಪನಿಗಳು ಭೂಮಂಡಲವನ್ನು ಮೂರು ವಲಯವಾಗಿ ಹಂಚಿವೆ. ಅಮೆರಿಕ ಎ, ಯೂರೋಪು ಬಿ, ನಾವು ಚೀನಾ-ರಷ್ಯಾಗಳ ಜೊತೆ ಸಿ. ಅಲ್ಲಿಯ ಬೀಗ ಹಾಕಿದ ಡಿಸ್ಕು ಇಲ್ಲಿಯ ಯಂತ್ರದಲ್ಲಿ ಓಡದು. ಬೀಗ ಹಾಕದ ಡಿಸ್ಕುಗಳೂ ಎಷ್ಟೋ ಇವೆ. ಉಳಿದವಕ್ಕೆ ಎಲ್ಲ ವಲಯವನ್ನೂ ಓದುವ ಯಂತ್ರ ಹುಡುಕಬೇಕು. 2016ರಿಂದ ಬರುತ್ತಿರುವ 4ಕೆ ಡಿಸ್ಕುಗಳಿಗೆ ಈ ಕಾಟವಿಲ್ಲ. ಅಂಚೆಯ ಖರ್ಚು, ಅದರ ಮೇಲೆ ಸುಂಕ; ಹಲವು ಸಲ ಡಿಸ್ಕಿಗಿಂತ ದಾರಿಯೇ ದುಬಾರಿ. ತಡಮಾಡಿದರೂ ಕಷ್ಟ. ‘ದಿ ಥರ್ಡ್ ಮ್ಯಾನ್’ (1949) ಚಿತ್ರವನ್ನು ಕ್ರೈಟೀರಿಯನ್ 2008ರ ಕೊನೆಗೆ ಬ್ಲೂ-ರೇಯಲ್ಲಿ ತಂದಿತ್ತು; 2010ರ ವೇಳೆಗೆ ಹಕ್ಕು ಕೈತಪ್ಪಿ ಮುದ್ರಣ ನಿಂತಿತು, ಉಳಿದ ಪ್ರತಿಗಳ ಬೆಲೆ ಹಲವು ಪಟ್ಟು ಏರಿತು. ಆ ಚಿತ್ರಕ್ಕೂ ಎರಡು ರೂಪ: 104 ನಿಮಿಷದ ಇಂಗ್ಲೆಂಡಿನದರಲ್ಲಿ ಆರಂಭದ ಮಾತು ನಿರ್ದೇಶಕ ಕ್ಯಾರೊಲ್ ರೀಡನ ಧ್ವನಿಯದು, 93 ನಿಮಿಷದ ಅಮೆರಿಕದ್ದರಲ್ಲಿ ನಟ ಜೋಸೆಫ್ ಕಾಟನ್ನನದು. ಅಂತರ್ಜಾಲದಲ್ಲಿ ತಿಂಗಳ ಚಂದಾ ಕಟ್ಟಿ ನೋಡುವವರಿಗೆ ಯಾವ ರೂಪ ಸಿಕ್ಕಿತೆಂದು ಹೇಳುವವರಿಲ್ಲ. ಇಂದು ಇದ್ದದ್ದು ನಾಳೆ ಇರುವ ಭರವಸೆಯೂ ಇಲ್ಲ.

ಇಷ್ಟು ಹೇಳಿದ ಮೇಲೆ ಮುಂಬಯಿಯ ಮಾತೂ ಒಂದಿಷ್ಟು ಬರಲೇಬೇಕು. ಈ ಕಪ್ಪು ಚಿತ್ರಗಳ ಧಾಟಿಯನ್ನು 1950ರ ದಶಕದಲ್ಲಿ ಹಿಂದಿಗೆ ಇಳಿಸಿದವರಲ್ಲಿ ಪ್ರಮುಖರು ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ಪಡುಕೋಣೆ. ‘ಬಾಜಿ’ (1951), ‘ಆರ್ ಪಾರ್’ (1954) ಅವರ ನಿರ್ದೇಶನದವು, ‘ಸಿ.ಐ.ಡಿ.’ (1956) ಅವರು ನಿರ್ಮಿಸಿ ರಾಜ್ ಖೋಸ್ಲಾ ನಿರ್ದೇಶಿಸಿದ್ದು. ‘ಬಾಜಿ’ಯಲ್ಲಿ ಸಹಾಯಕರಾಗಿದ್ದು, 1952ರ ‘ಜಾಲ್’ನಿಂದ ಗುರುದತ್ತರ ಛಾಯಾಗ್ರಾಹಕರಾದವರು ಮೈಸೂರಿನವರಾದ ವಿ. ಕೆ. ಮೂರ್ತಿ. ಬೆಂಗಳೂರಿನ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು ನಮ್ಮ ಹಾಗೆಯೇ ಹೊಟ್ಟೆಪಾಡಿಗೆ ಮುಂಬಯಿ ಸೇರಿದವರು. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರೇ. 2014ರಲ್ಲಿ ತೀರಿಕೊಂಡರು. ಮೂರ್ತಿಯವರ ನೆರಳು ಲಾಸ್ ಏಂಜಲಿಸ್‌ನವರ ನೆರಳಿಗೆ ಯಾವ ಲೆಕ್ಕದಲ್ಲೂ ಕಡಮೆಯಲ್ಲ. ಆದರೆ ಬಹುಕಾಲ ನಮಗೆ ಅದು ಸಿಕ್ಕಿದ್ದು ಗೀರುಬಿದ್ದ ಪ್ರಿಂಟಿನಿಂದ ತೆಗೆದ ಅಗ್ಗದ ಡಿ.ವಿ.ಡಿ.ಗಳಲ್ಲಿ, ಮೂಲೆಯಲ್ಲಿ ಕಂಪನಿಯ ಮುದ್ರೆ ಸಮೇತ. 2003ರ ಜನವರಿಯಲ್ಲಿ ಪುಣೆಯ ರಾಷ್ಟ್ರೀಯ ಚಿತ್ರ ಸಂಗ್ರಹಾಲಯದ ನೈಟ್ರೇಟ್ ಉಗ್ರಾಣಕ್ಕೆ ಬೆಂಕಿ ಬಿದ್ದು ಎಷ್ಟೋ ಹಳೆಯ ರೀಲುಗಳು ಬೂದಿಯಾದವು.

ಈಚೆಗೆ ಗಾಳಿ ಸ್ವಲ್ಪ ತಿರುಗಿದೆ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ದುರಸ್ತಿಯಾಗಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಗುರುದತ್ತರ ಜನ್ಮಶತಾಬ್ದಿಯ ನೆಪದಲ್ಲಿ 2025ರ ಆಗಸ್ಟಿನಲ್ಲಿ ‘ಪ್ಯಾಸಾ’, ‘ಆರ್ ಪಾರ್’ ಮೊದಲಾದವು ಹೊಸ ಪ್ರತಿಗಳಲ್ಲಿ ಮತ್ತೆ ಚಿತ್ರಮಂದಿರಗಳಿಗೆ ಬಂದವು. ಆ ಪ್ರತಿಗಳಿಂದ ಒಳ್ಳೆಯ ಡಿಸ್ಕನ್ನು ಯಾರಾದರೂ ಹೊರತಂದರೆ, ಈ ಸಲ ಅಂಚೆ ಖರ್ಚೂ ಇಲ್ಲ, ಸುಂಕವೂ ಇಲ್ಲ.