ಬಿಸಿಲಿಗೂ ಕಡಲಿಗೂ ನಡುವೆ

ಎಡ್ಮಂಡ್ ಹ್ಯಾಲಿ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮಗೆ ನೆನಪಾಗುವುದು ಧೂಮಕೇತು. ಸುಮಾರು ಎಪ್ಪತ್ತಾರು ವರ್ಷಗಳಿಗೊಮ್ಮೆ ಬಂದು ಹೋಗುವ ಆ ಅತಿಥಿಯ ಬೆಳಕಿನಲ್ಲಿ ಆತನ ಉಳಿದ ಕೆಲಸಗಳು ಮಸುಕಾಗಿವೆ. ಗಾಳಿ, ಮಳೆ, ಕಡಲುಗಳನ್ನು ಕುರಿತು ಆತ ನಡೆಸಿದ ಚಿಂತನೆ ಧೂಮಕೇತುವಿನ ಗಣಿತಕ್ಕಿಂತ ಕಡಿಮೆ ತೂಕದ್ದೇನಲ್ಲ. 1686ರಲ್ಲಿ ಆತ ವಾಣಿಜ್ಯ ಮಾರುತಗಳನ್ನೂ ಹಿಂದೂ ಮಹಾಸಾಗರದ ಮಾನ್ಸೂನ್ ಗಾಳಿಯನ್ನೂ ಭೂಪಟದ ಮೇಲೆ ಬರೆದು ತೋರಿಸಿದ. ಮರುವರ್ಷ ಪ್ರಕಟವಾದ ಪ್ರಯೋಗ ಇನ್ನೂ ಸ್ವಾರಸ್ಯವಾದುದು. ಒಂದು ಬೋಗುಣಿಯಲ್ಲಿ ಉಪ್ಪುನೀರನ್ನು ತುಂಬಿ, ಅದನ್ನು ಬೇಸಿಗೆಯ ಗಾಳಿಯಷ್ಟು ಬೆಚ್ಚಗೆ ಮಾಡಿ, ತಕ್ಕಡಿಗೆ ತೂಗುಹಾಕಿ, ಎರಡು ಗಂಟೆಯಲ್ಲಿ ತೂಕ ಎಷ್ಟು ಇಳಿಯಿತೆಂದು ನೋಡಿದ. ಆ ಒಂದು ಅಳತೆಯನ್ನು ಹಿಡಿದು, ಮೆಡಿಟರೇನಿಯನ್ ಕಡಲು ಬೇಸಿಗೆಯ ಒಂದು ದಿನದಲ್ಲಿ 528 ಕೋಟಿ ಟನ್ ನೀರನ್ನು ಆವಿಯಾಗಿ ಕಳೆದುಕೊಳ್ಳುತ್ತದೆಂದು ಲೆಕ್ಕ ಹಾಕಿದ. ಬೋಗುಣಿಯಿಂದ ಕಡಲಿಗೆ ಹಾರಿದ ಈ ಧೈರ್ಯವನ್ನು ಮೆಚ್ಚಲೇಬೇಕು.

1693ರಲ್ಲಿ ಹ್ಯಾಲಿ ಎತ್ತಿಕೊಂಡದ್ದು ಬಿಸಿಲಿನ ಪ್ರಶ್ನೆ. ಯಾವ ಅಕ್ಷಾಂಶಕ್ಕೆ ಯಾವ ದಿನ ಎಷ್ಟು ಬಿಸಿಲು ಸಲ್ಲುತ್ತದೆ? ಸೂರ್ಯ ನೆತ್ತಿಯ ಮೇಲಿದ್ದರೆ ಕಿರಣಗಳು ಒತ್ತಾಗಿ ಬೀಳುತ್ತವೆ. ಓರೆಯಾದಂತೆ ಅಷ್ಟೇ ಕಿರಣಗಳು ಹೆಚ್ಚು ನೆಲದ ಮೇಲೆ ಹರಡಿ ತೆಳುವಾಗುತ್ತವೆ. ಈ ಸರಳ ತತ್ತ್ವದಿಂದ ಹೊರಟ ಆತನಿಗೆ ದೊರೆತ ಉತ್ತರ ಅಚ್ಚರಿಯದು. ಬೇಸಿಗೆಯ ಅತಿ ದೀರ್ಘ ಹಗಲಿನ ದಿನ ಉತ್ತರ ಧ್ರುವಕ್ಕೆ ಸಲ್ಲುವ ಬಿಸಿಲು, ಸೂರ್ಯ ಸಮಭಾಜಕದ ನೇರಕ್ಕಿರುವ ದಿನ ಅಲ್ಲಿಗೆ ಸಲ್ಲುವ ಬಿಸಿಲಿಗಿಂತ ಕಾಲುಪಾಲು ಹೆಚ್ಚು! ಧ್ರುವದಲ್ಲಿ ಅಂದು ಸೂರ್ಯ ಮುಳುಗುವುದೇ ಇಲ್ಲವಲ್ಲ. ಲೆಕ್ಕದಲ್ಲಿ ದೋಷವಿಲ್ಲ, ವಾಯುಮಂಡಲದ ನೆತ್ತಿಯಲ್ಲಿ ನಿಂತು ಅಳೆದರೆ ಇಂದಿಗೂ ಅದೇ ಉತ್ತರ ಬರುತ್ತದೆ. ಆದರೂ ಧ್ರುವದ ಕಡಲು ಹಿಮಗಟ್ಟಿದೆ. ದೀರ್ಘ ಚಳಿಗಾಲದ ಶೈತ್ಯ ಅಲ್ಲಿ ಉಳಿದುಬಿಡುತ್ತದೆ ಎಂಬುದು ಹ್ಯಾಲಿಯ ಸಮಾಧಾನ. ಅದು ನಿಜ, ಆದರೆ ಪೂರ್ಣವಲ್ಲ. ಒಂದು ಕೈಯಲ್ಲಿ ಕಡಲಿನ ಆವಿಯನ್ನು ತೂಗಿದವನು, ಇನ್ನೊಂದು ಕೈಯಲ್ಲಿ ಬಿಸಿಲಿನ ಓರೆಯನ್ನು ಅಳೆದವನು ಅವನೇ. ಆ ಎರಡು ಕೈಗಳು ಮಾತ್ರ ಕೂಡಲಿಲ್ಲ. ಬೋಗುಣಿಯಿಂದ ಎದ್ದ ಆವಿಯೇ ಬಿಸಿಲಿಗೆ ಅಡ್ಡ ನಿಂತೀತೆಂಬ ಮಾತಿಗೆ ಈ ಲೆಕ್ಕದಲ್ಲಿ ಎಡೆಯಿಲ್ಲ.

ಅವು ಕೂಡಲು ಎರಡು ಶತಮಾನಗಳೇ ಬೇಕಾದವು. 1729ರಲ್ಲಿ ಫ್ರಾನ್ಸಿನ ಪಿಯೇರ್ ಬೂಗೆ, ಚಂದ್ರನ ಬೆಳಕನ್ನು ಮೇಣದಬತ್ತಿಯ ಬೆಳಕಿನೊಡನೆ ಹೋಲಿಸಿ, ಓರೆಯ ಕಿರಣ ಗಾಳಿಯಲ್ಲಿ ಹೆಚ್ಚು ದೂರ ನಡೆದು ಹೆಚ್ಚು ಸೊರಗುತ್ತದೆಂದು ತೋರಿಸಿದ. ನೆತ್ತಿಯ ಸೂರ್ಯನ ಕಿರಣ ದಾಟುವ ಗಾಳಿಯನ್ನು ಒಂದು ಪಾಲು ಎಂದುಕೊಂಡರೆ, ಸೂರ್ಯ ದಿಗಂತದಿಂದ 30 ಡಿಗ್ರಿ ಮೇಲಿದ್ದಾಗ ಎರಡು ಪಾಲು, 10 ಡಿಗ್ರಿಯಲ್ಲಿ ಐದೂವರೆ, ದಿಗಂತದಲ್ಲಿ ನಲವತ್ತರ ಹತ್ತಿರ. ಆದರೆ ಗಾಳಿಯಲ್ಲಿ ಬಿಸಿಲನ್ನು ಹೀರುವವರು ಯಾರು?

ಇದಕ್ಕೆ ಮೊದಲು ಕೈಹಾಕಿದವಳು ಅಮೆರಿಕದ ಯೂನಿಸ್ ಫೂಟ್. ಗಾಜಿನ ಕೊಳವೆಗಳಲ್ಲಿ ಉಷ್ಣಮಾಪಕಗಳನ್ನಿಟ್ಟು, ಒಂದರಲ್ಲಿ ಒಣಗಾಳಿ, ಒಂದರಲ್ಲಿ ತೇವದ ಗಾಳಿ ತುಂಬಿ, ಬಿಸಿಲಿಗೆ ಒಡ್ಡಿದಳು. ತೇವದ ಗಾಳಿಯೇ ಹೆಚ್ಚು ಕಾಯಿತು. 1856ರ ಆಗಸ್ಟಿನಲ್ಲಿ ಆಲ್ಬನಿ ನಗರದ ವಿಜ್ಞಾನ ಸಮ್ಮೇಳನದಲ್ಲಿ ಆಕೆಯ ಪ್ರಬಂಧವನ್ನು ಓದಿದವನು ಆಕೆಯಲ್ಲ, ಜೋಸೆಫ್ ಹೆನ್ರಿ. ಬಳಿಕ ಒಂದೂವರೆ ಶತಮಾನ ಆ ಹೆಸರನ್ನು ಹೆಚ್ಚಿನವರು ಎತ್ತಲಿಲ್ಲ. ಲಂಡನ್ನಿನ ಜಾನ್ ಟಿಂಡಾಲ್ 1859ರಿಂದ ನಡೆಸಿದ ಪ್ರಯೋಗಗಳು ಹೆಚ್ಚು ನಿಖರವಾಗಿದ್ದವು. ಗಾಳಿಯ ಮುಖ್ಯ ಅನಿಲಗಳಾದ ಆಮ್ಲಜನಕ, ಸಾರಜನಕಗಳು ಶಾಖವನ್ನು ಹಾಯಗೊಡುತ್ತವೆ, ಅತ್ಯಲ್ಪವಾದ ನೀರಾವಿ ಅದನ್ನು ಹಿಡಿದುಕೊಳ್ಳುತ್ತದೆ ಎಂದು ಸ್ಥಾಪಿಸಿದವು. ಆದರೆ ಟಿಂಡಾಲ್ ಮುಖ್ಯವಾಗಿ ಅಳೆದದ್ದು ಕಾದ ವಸ್ತುಗಳು ಹೊರಸೂಸುವ ಶಾಖವನ್ನು. ಸೂರ್ಯಕಿರಣದ ಮೇಲೆಯೇ ಈ ಪರೀಕ್ಷೆಯನ್ನು ವಿಸ್ತಾರವಾಗಿ ನಡೆಸಿದವನು ಸ್ಯಾಮ್ಯುಯೆಲ್ ಲ್ಯಾಂಗ್ಲಿ. 1881ರಲ್ಲಿ ಆತ ತನ್ನದೇ ಸೃಷ್ಟಿಯಾದ ಬೋಲೋಮೀಟರನ್ನು ಕ್ಯಾಲಿಫೋರ್ನಿಯದ ವಿಟ್ನಿ ಪರ್ವತಕ್ಕೆ ಹೊತ್ತೊಯ್ದು, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಅಳೆದ. ಬಿಸಿಲಿನ ಶಕ್ತಿಯ ಅರ್ಧದಷ್ಟು ಇರುವುದು ಅಲ್ಲಿಯೇ. ನೀರಾವಿ ತನ್ನ ಸುಂಕವನ್ನು ಎತ್ತುವುದೂ ಅಲ್ಲಿಯೇ.

ಈ ಸುಂಕದ ಕ್ರಮ ವಿಚಿತ್ರವಾದುದು. ದಾರಿ ಇಮ್ಮಡಿಯಾದರೆ ಸುಂಕ ಇಮ್ಮಡಿಯಾಗುವುದಿಲ್ಲ. ಆವಿಗೆ ಅತಿ ಪ್ರಿಯವಾದ ಕಿರಣಗಳು ಮೊದಲ ಕಟ್ಟೆಯಲ್ಲಿಯೇ ಬಹುಪಾಲು ಮುಗಿದಿರುತ್ತವೆ. ಅದು ಕಸಿದುಕೊಳ್ಳುವ ಅವಕೆಂಪು ಕಿರಣಗಳಾದರೋ ಕಡಲನ್ನು ಮುಟ್ಟಿದ್ದರೂ ನೀರಿನ ಮೇಲುಪದರದಲ್ಲೇ ಅಡಗಿಬಿಡುತ್ತಿದ್ದವು. ಹತ್ತಾರು ಮೀಟರ್ ಆಳಕ್ಕೆ ಇಳಿಯಬಲ್ಲ ನೀಲಿ ಬೆಳಕನ್ನು ಆವಿ ಹೆಚ್ಚುಕಡಮೆ ಹಾಗೆಯೇ ಬಿಟ್ಟುಕೊಡುತ್ತದೆ. ಓರೆಬಿಸಿಲಿಗೆ ಇನ್ನೊಂದು ನಷ್ಟವೂ ಉಂಟು. ಸೂರ್ಯ ನೆತ್ತಿಯಲ್ಲಿದ್ದಾಗ ಶಾಂತವಾದ ನೀರು ನೂರರಲ್ಲಿ ಎರಡು ಪಾಲನ್ನಷ್ಟೇ ಹಿಂದಿರುಗಿಸಿದರೆ, 10 ಡಿಗ್ರಿಯ ಸೂರ್ಯನಿಗೆ ಕನ್ನಡಿಯಾಗಿ ಮೂವತ್ತೈದು ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಹಾಗೆಂದು ಆವಿಯನ್ನು ಬರಿಯ ಸುಲಿಗೆಗಾರನೆನ್ನುವುದು ಅನ್ಯಾಯ. ತಾನು ಹಿಡಿದ ಶಾಖವನ್ನು ಅದು ಹಗಲಿರುಳೂ ಕೆಳಕ್ಕೂ ಸೂಸುತ್ತದೆ. ತೇವದ ಗಾಳಿಯಲ್ಲಿ ಕಡಲಿನ ಬೆವರು ಆರುವುದೂ ನಿಧಾನ.

ಈಗ ನಮ್ಮ ಕಡಲಿನತ್ತ ಬರೋಣ. ಮಂಗಳೂರಿನಲ್ಲಿ ಸೂರ್ಯ ನಡುಹಗಲಿನಲ್ಲಿ ಸರಿಯಾಗಿ ನೆತ್ತಿಗೆ ಬರುವುದು ವರ್ಷಕ್ಕೆ ಎರಡು ಸಲ: ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ. ಹ್ಯಾಲಿಯ ಲೆಕ್ಕಕ್ಕೆ ಈ ಎರಡು ದಿನಗಳೂ ಒಂದೇ. ಕಡಲಿಗೆ ಒಂದೇ ಅಲ್ಲ. ಏಪ್ರಿಲ್ ಕೊನೆಯ ವೇಳೆಗೆ ಪೂರ್ವ ಅರಬ್ಬಿ ಸಮುದ್ರದ ಮೇಲ್ಮೈ 30 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆಗಸ್ಟಿನಲ್ಲಿ ಅದಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ. ಇದನ್ನೆಲ್ಲ ಕಾಣದ ಆವಿಯ ತಲೆಗೇ ಕಟ್ಟುವುದು ಸರಿಯಲ್ಲ. ಆವಿ ಮೋಡವಾದ ಮೇಲೆ ಬಿಸಿಲನ್ನು ಹೀರುವುದಕ್ಕಿಂತ ಹಿಂದಕ್ಕೆ ತಳ್ಳುವುದೇ ಹೆಚ್ಚು. ಮುಂಗಾರಿನ ಗಾಳಿ ತಳದ ತಣ್ಣೀರನ್ನು ಕಲಕಿ ಮೇಲಕ್ಕೆ ತರುತ್ತದೆ. ಒಂದೊಂದು ಗ್ರಾಂ ನೀರು ಆವಿಯಾಗುವಾಗಲೂ ಸುಮಾರು 580 ಕ್ಯಾಲೊರಿ ಶಾಖವನ್ನು ಕಡಲಿನಿಂದ ಕಿತ್ತೊಯ್ಯುತ್ತದೆ. ವಸಂತದ ಬಿಸಿಲನ್ನು ಕೂಡಿಟ್ಟ ಕಡಲು ಅದನ್ನು ಹೀಗೆ ಖರ್ಚು ಮಾಡುತ್ತದೆ. ಆಗುಂಬೆಯಲ್ಲಿ ಸುರಿಯುವ ಮಳೆಯಲ್ಲಿ ಆ ಖರ್ಚಿನ ಒಂದು ಭಾಗವಿದೆ.

ನಮ್ಮ ದೇಶದಲ್ಲಿ ಬಿಸಿಲನ್ನು ಕ್ರಮವಾಗಿ ಅಳೆಯುವ ಏರ್ಪಾಡನ್ನು ಕಟ್ಟಿದ ಕೀರ್ತಿ ಬಹುಮಟ್ಟಿಗೆ ಅನ್ನಾ ಮಣಿಯವರದು. 1918ರಲ್ಲಿ ಪೀರುಮೇಡಿನಲ್ಲಿ ಹುಟ್ಟಿದ ಅವರು ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರ ಪ್ರಯೋಗಶಾಲೆಯಲ್ಲಿ ದುಡಿದು, 1948ರಲ್ಲಿ ಹವಾಮಾನ ಇಲಾಖೆಯನ್ನು ಸೇರಿದರು. ಪರದೇಶದ ಉಪಕರಣಗಳನ್ನು ನೆಚ್ಚಿ ಕೂರದೆ ಇಲ್ಲಿಯೇ ತಯಾರಿಸಬೇಕೆಂಬುದು ಅವರ ಹಟ. 1957ರಲ್ಲಿ ಅಂತರರಾಷ್ಟ್ರೀಯ ಭೂಭೌತ ವರ್ಷ ಆರಂಭವಾದಾಗ ದೇಶದಲ್ಲಿ ಸೌರವಿಕಿರಣವನ್ನು ಅಳೆಯುವ ಕೇಂದ್ರಗಳ ಜಾಲವನ್ನು ಹಬ್ಬಿಸಿದರು. ಆ ಅಳತೆಗಳ ಕೈಪಿಡಿ 1980ರಲ್ಲಿ ಹೊರಬಂತು.

ನೆಲದ ಮೇಲೆ ಇದು ಸಾಧ್ಯವಾಯಿತು. ಕಡಲಿನ ಮೇಲೆ ಕೆಲಸ ಇನ್ನೂ ಕಠಿಣ. 1979ರ ಮಾನ್ಸೂನ್ ಸಂಶೋಧನೆಗಾಗಿ ಅರಬ್ಬಿ ಸಮುದ್ರಕ್ಕೆ ಹಡಗುಗಳೂ ವಿಮಾನಗಳೂ ಹೋದವು. ಹಡಗಿನಲ್ಲಿ ಬಿಸಿಲನ್ನು ಅಳೆಯುವವರಿಗೆ ಹ್ಯಾಲಿಯ ಓರೆಯೇ ಎದುರಾಳಿ. ಸೂರ್ಯ ನೆತ್ತಿಯಲ್ಲಿರುವಾಗ ಹಡಗು ಹತ್ತು ಡಿಗ್ರಿ ವಾಲಿದರೆ ನೇರ ಬಿಸಿಲಿನ ಅಳತೆ ನೂರಕ್ಕೆ ಎರಡರಷ್ಟೂ ಏರುಪೇರಾಗದು. ಸೂರ್ಯ 30 ಡಿಗ್ರಿಯಲ್ಲಿರುವಾಗ ಅಷ್ಟೇ ವಾಲಿದರೆ ನೂರಕ್ಕೆ ಮೂವತ್ತರಷ್ಟು ಹೆಚ್ಚುಕಡಮೆಯಾದೀತು. ಆದ್ದರಿಂದ ಉಪಕರಣವನ್ನು ಹಡಗು ಹೊರಳಿದರೂ ಸಮತಲದಲ್ಲೇ ನಿಲ್ಲುವಂತೆ ತೂಗುಬಿಡಬೇಕು. ಅದರ ಗಾಜಿನ ಗುಮ್ಮಟದ ಮೇಲೆ ಅಲೆಯ ಹನಿಗಳು ಆರಿ ಉಳಿದ ಉಪ್ಪನ್ನು ಆಗಾಗ ಒರೆಸುತ್ತಿರಬೇಕು.