ಲೆಕ್ಕದ ಭೂಮಿಗೂ ಪರೀಕ್ಷೆ ಉಂಟು

"ನಾಳೆ ಮಳೆ ಬರುತ್ತದೋ ಇಲ್ಲವೋ ಎಂದೇ ಸರಿಯಾಗಿ ಹೇಳಲು ಆಗದವರು ಐವತ್ತು ವರ್ಷ ಕಳೆದ ಮೇಲಿನ ಸೆಕೆಯನ್ನು ಹೇಗೆ ಹೇಳುತ್ತಾರೆ ಮಾಷ್ಟ್ರೇ?" ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ. ಎಲ್ಲರೂ ನಕ್ಕರು. ನಗುವಂಥ ಪ್ರಶ್ನೆಯಲ್ಲ ಅದು. ಬೆಲ್ ಹೊಡೆದದ್ದರಿಂದ ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಥೆ ಶುರುವಾಗುವುದು ಒಂದು ಸೋಲಿನಿಂದ. ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ ಯುದ್ಧವನ್ನು ಒಪ್ಪದವರು. ಮೊದಲ ಮಹಾಯುದ್ಧದಲ್ಲಿ ಬಂದೂಕು ಹಿಡಿಯದೆ ಫ್ರಾನ್ಸಿನಲ್ಲಿ ಗಾಯಾಳುಗಳ ಆಂಬುಲೆನ್ಸ್ ಓಡಿಸಿದರು. ಗಾಳಿಯ ಚಲನೆಗೆ, ಶಾಖಕ್ಕೆ, ಒತ್ತಡಕ್ಕೆ ಸಮೀಕರಣಗಳಿವೆಯಲ್ಲ, ಅವುಗಳಿಂದಲೇ ಹವಾಮಾನವನ್ನು ಲೆಕ್ಕ ಹಾಕಬಾರದೇಕೆ ಎಂಬುದು ಅವರ ಯೋಚನೆ. ನಕ್ಷೆಯನ್ನು ಚೌಕಗಳಾಗಿ, ಗಾಳಿಯನ್ನು ಐದು ಪದರಗಳಾಗಿ ಭಾಗಿಸಿ, 1910ರ ಮೇ 20ರ ಬೆಳಗಿನ ಅಳತೆಗಳಿಂದ ಮುಂದಿನ ಲೆಕ್ಕವನ್ನು ಕೈಯಲ್ಲೇ ಮಾಡಿದರು. ಆರು ಗಂಟೆಯಲ್ಲಿ ಒತ್ತಡ 145 ಮಿಲಿಬಾರ್ ಏರಬೇಕೆಂದು ಉತ್ತರ ಬಂತು. ನಿಜವಾಗಿ ಆ ದಿನ ಒತ್ತಡ ಹೆಚ್ಚುಕಡಿಮೆ ಕದಲಿರಲೇ ಇಲ್ಲ!

ರಿಚರ್ಡ್‌ಸನ್ ಅದನ್ನು ಮುಚ್ಚಿಡಲಿಲ್ಲ. 1922ರ ತಮ್ಮ ಪುಸ್ತಕದಲ್ಲಿ ತಪ್ಪು ಉತ್ತರವನ್ನು ಲೆಕ್ಕಸಮೇತ ಅಚ್ಚು ಹಾಕಿಸಿದರು. ಹಾಗಾಗಿಯೇ ಮುಂದಿನವರು ಕಾರಣ ಹುಡುಕಲು ಸಾಧ್ಯವಾಯಿತು: ಆರಂಭದ ಅಳತೆಗಳಲ್ಲಿ ಗಾಳಿಗೂ ಒತ್ತಡಕ್ಕೂ ಹೊಂದಾಣಿಕೆ ಇರಲಿಲ್ಲ. (ಉತ್ತರ ತಪ್ಪಾದೊಡನೆ ಪುಟವನ್ನೇ ಹರಿಯುವ ಮಕ್ಕಳು ಗಮನಿಸಿ.)

1950ರಲ್ಲಿ ಅಮೆರಿಕದ ಎನಿಯಾಕ್ ಗಣಕಯಂತ್ರ ಇದೇ ಬಗೆಯ ಕೆಲಸಕ್ಕೆ ಇಳಿಯಿತು. ಒಂದು ದಿನದ ಮುನ್ಸೂಚನೆಗೆ ಸುಮಾರು ಒಂದು ದಿನವೇ ಹಿಡಿಯಿತು. 1956ರಲ್ಲಿ ನಾರ್ಮನ್ ಫಿಲಿಪ್ಸ್ ಬೇರೆ ದಾರಿ ಹಿಡಿದರು. ಇಂದಿನ ಗಾಳಿಯಿಂದ ಹೊರಡದೆ, ನಿಶ್ಚಲ ಗಾಳಿಗೆ ದಕ್ಷಿಣದಲ್ಲಿ ಬಿಸಿ, ಉತ್ತರದಲ್ಲಿ ತಂಪು ಕೊಟ್ಟು ಸುಮಾರು ಒಂದು ತಿಂಗಳ ಲೆಕ್ಕ ನಡೆಸಿದರು. ಭೂಮಿಯ ಮೇಲೆ ನಿಜವಾಗಿ ಬೀಸುವಂಥ ಗಾಳಿಗಳೇ ಮೂಡಿದವು. ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಬರುವ ಜುಲೈ 10ರಂದು ಮಳೆಯೋ ಬಿಸಿಲೋ, ಈಗಲೇ ಹೇಳಲಾರೆ. ಜುಲೈ ತಿಂಗಳು ಜನವರಿಗಿಂತ ಒದ್ದೆ ಎಂದು ಧೈರ್ಯವಾಗಿ ಹೇಳಬಲ್ಲೆ. ಮೊದಲನೆಯದು ಹವಾಮಾನ, ಎರಡನೆಯದು ವಾಯುಗುಣ.

ಜಪಾನಿನಿಂದ 1958ರಲ್ಲಿ ಅಮೆರಿಕಕ್ಕೆ ಹೋದ ಸ್ಯುಕುರೊ ಮನಾಬೆ, ಸಹೋದ್ಯೋಗಿ ವೆದರಾಲ್ಡ್ ಜೊತೆ ಸೇರಿ, 1967ರಲ್ಲಿ ಇಡೀ ವಾತಾವರಣವನ್ನು ಒಂದೇ ಗಾಳಿಕಂಬವಾಗಿ ಲೆಕ್ಕಕ್ಕೆ ತೆಗೆದುಕೊಂಡರು. ಇಂಗಾಲದ ಡೈ ಆಕ್ಸೈಡ್ ಎರಡು ಪಟ್ಟಾದರೆ ನೆಲದ ಬಳಿ ಸುಮಾರು 2.3 ಡಿಗ್ರಿ ಬಿಸಿ ಏರುತ್ತದೆ, ಮೇಲಿನ ಸಮೋಷ್ಣ ಮಂಡಲ ಮಾತ್ರ ತಂಪಾಗುತ್ತದೆ ಎಂದು ಬಂತು. ಸೂರ್ಯನೇ ಹೆಚ್ಚು ಸುಡುತ್ತಿದ್ದರೆ ಎರಡೂ ಬಿಸಿಯಾಗಬೇಕಿತ್ತು. ಮುಂದೆ ಬಲೂನು, ಉಪಗ್ರಹಗಳ ಅಳತೆಯಲ್ಲಿ ಕಂಡದ್ದು ಕೆಳಗೆ ಬಿಸಿ, ಮೇಲೆ ತಂಪು. (ಆ ತಂಪಿನಲ್ಲಿ ಓಝೋನ್ ನಷ್ಟದ ಪಾಲೂ ಇದೆ.) ಮನಾಬೆಯವರಿಗೆ ನೊಬೆಲ್ ಬಂದದ್ದು 2021ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು 1991ರ ಪರೀಕ್ಷೆ. ಜೂನ್ 15ರಂದು ಫಿಲಿಪ್ಪೀನ್ಸಿನ ಪಿನಟೂಬೊ ಜ್ವಾಲಾಮುಖಿ ಸಿಡಿದು ಒಂದೂವರೆ ಕೋಟಿ ಟನ್ನಿಗೂ ಹೆಚ್ಚು ಗಂಧಕದ ಡೈ ಆಕ್ಸೈಡನ್ನು ಆಕಾಶಕ್ಕೆ ಉಗುಳಿತು. ಅದರಿಂದಾದ ಸಣ್ಣ ಹನಿಗಳು ಬಿಸಿಲಿಗೆ ಅಡ್ಡ ನಿಂತವು. ನಾಸಾದ ಜೇಮ್ಸ್ ಹ್ಯಾನ್ಸನ್ ತಂಡ ತಮ್ಮ ಮಾದರಿಯನ್ನು ಓಡಿಸಿ, 1992ರ ಕೊನೆಯ ಹೊತ್ತಿಗೆ ಭೂಮಿ ಸುಮಾರು ಅರ್ಧ ಡಿಗ್ರಿ ತಣಿದು ಮತ್ತೆ ಬಿಸಿಯಾಗುತ್ತದೆಂದು 1992ರ ಜನವರಿಯಲ್ಲೇ ಪ್ರಕಟಿಸಿತು. ಉತ್ತರಪತ್ರಿಕೆ ಮೊದಲೇ ಕೊಟ್ಟಾಗಿತ್ತು, ತಿದ್ದುವಂತಿರಲಿಲ್ಲ. ಭೂಮಿ ಹೆಚ್ಚುಕಡಿಮೆ ಅಷ್ಟೇ ತಣಿಯಿತು.

ಹಾಗೆಂದು ಮಾದರಿಗಳಿಗೆ ಎಲ್ಲವೂ ಗೊತ್ತಿಲ್ಲ. ಮೋಡಗಳು ಇಂದಿಗೂ ತಲೆನೋವು. ಭೂಗೋಳ ಮಾದರಿಯ ಚೌಕ ಸಾಮಾನ್ಯವಾಗಿ ನೂರು ಕಿಲೋಮೀಟರ್ ಅಗಲ. ನಮ್ಮ ಕಾಸರಗೋಡಿನ ಕಡಲತೀರ, ಸುಳ್ಯದ ಅಡಿಕೆ ತೋಟ, ಮಡಿಕೇರಿಯ ಬೆಟ್ಟ ಮೂರೂ ಒಂದೇ ಚೌಕದೊಳಗೆ ಬಿದ್ದುಬಿಡಬಹುದು. ಆಗ ಘಟ್ಟದ ಎತ್ತರ ಸರಾಸರಿಯಲ್ಲಿ ತಗ್ಗಿಹೋಗುತ್ತದೆ, ಘಟ್ಟಕ್ಕೆ ತಾಗಿ ಸುರಿಯುವ ಮಳೆಯ ಲೆಕ್ಕವೂ ತಪ್ಪುತ್ತದೆ. ಚೌಕ ಸಣ್ಣದು ಮಾಡಬಹುದು. ಅಗಲವನ್ನು ಅರ್ಧಕ್ಕಿಳಿಸಿದರೆ ಚೌಕಗಳು ನಾಲ್ಕು ಪಟ್ಟು, ಸಮಯದ ಹೆಜ್ಜೆಗಳು ಎರಡು ಪಟ್ಟು. ಗಣಕಯಂತ್ರಕ್ಕೆ ಕೆಲಸ ಎಂಟು ಪಟ್ಟು.