ಹ್ಯಾಟಿ ಜೇಕ್ಸ್: ನಗಿಸಿದ ಮೇಟ್ರನ್, ನಗೆಗೀಡಾದ ದೇಹ

ಇವತ್ತು ಒಂದು ಹೆಸರಿನಿಂದ ಶುರು ಮಾಡೋಣ. ಹ್ಯಾಟಿ ಜೇಕ್ಸ್. ಸ್ಪೆಲ್ಲಿಂಗ್ ನೋಡಿದ್ರೆ ಜಾಕ್ವೆಸ್ ಅಂತ ಓದೋಣ ಅನ್ಸುತ್ತೆ, ಆದರೆ ಅದು ಜೇಕ್ಸ್. ಇನ್ನು ಹ್ಯಾಟಿ ಅನ್ನೋದಂತೂ ಅಪ್ಪ-ಅಮ್ಮ ಇಟ್ಟ ಹೆಸರೇ ಅಲ್ಲ. 1922ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಕೆಂಟ್ ಕರಾವಳಿಯ ಸ್ಯಾಂಡ್‌ಗೇಟ್‌ನಲ್ಲಿ ಹುಟ್ಟಿದಾಗ ಅವರು ಜೋಸೆಫಿನ್ ಎಡ್ವಿನಾ. ಅಪ್ಪ ವಾಯುಪಡೆಯಲ್ಲಿದ್ದರು, ಫುಟ್‌ಬಾಲ್ ಕೂಡ ಆಡ್ತಿದ್ದರು. ಮಗಳು ಇನ್ನೂ ಕೂಸಾಗಿದ್ದಾಗಲೇ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಎರಡನೇ ಮಹಾಯುದ್ಧ ಬಂತು. ಲಂಡನ್ ಮೇಲೆ ಬಾಂಬು ಬೀಳ್ತಿದ್ದ ದಿನಗಳಲ್ಲಿ ಈ ಹುಡುಗಿ ರೆಡ್‌ಕ್ರಾಸ್ ನರ್ಸ್. ಆಮೇಲೆ ಉತ್ತರ ಲಂಡನ್ನಿನ ಒಂದು ಕಾರ್ಖಾನೆಯಲ್ಲಿ ವೆಲ್ಡಿಂಗ್ ಕೆಲಸ. ನರ್ಸ್ ಆಗಿದ್ದರು ಅನ್ನೋದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

1944ರಲ್ಲಿ ಅವರು ಲಂಡನ್ನಿನ ಪ್ಲೇಯರ್ಸ್ ಥಿಯೇಟರ್ ಸೇರಿದರು. ವಿಕ್ಟೋರಿಯಾ ರಾಣಿ ಕಾಲದ ಹಾಡು, ಹಾಸ್ಯ, ಕುಣಿತವನ್ನೆಲ್ಲ ಮತ್ತೆ ಆಡಿ ತೋರಿಸ್ತಿದ್ದ ಜಾಗ ಅದು. ಅಲ್ಲೊಮ್ಮೆ ಮುಖಕ್ಕೆ ಕಪ್ಪು ಬಳಿದುಕೊಂಡು ಮಾಡೋ ಒಂದು ಪ್ರದರ್ಶನ ಇತ್ತು. ಆಗಿನ ರಂಗಭೂಮಿಯಲ್ಲಿ ಅದನ್ನ ಯಾರೂ ತಪ್ಪು ಅಂದ್ಕೊಳ್ತಿರಲಿಲ್ಲ. ತೆರೆಮರೆಯಲ್ಲಿ ಯಾರೋ ಅವರನ್ನ ನೋಡಿ, ಥೇಟ್ ಹ್ಯಾಟಿ ಮ್ಯಾಕ್‌ಡೇನಿಯಲ್ ಥರ ಇದೀಯಾ ಅಂದರಂತೆ. ‘ಗಾನ್ ವಿತ್ ದ ವಿಂಡ್’ ಚಿತ್ರಕ್ಕಾಗಿ ಆಸ್ಕರ್ ಗೆದ್ದ ಮೊದಲ ಕಪ್ಪು ಅಮೆರಿಕನ್ ನಟಿ ಆಕೆ. ಇಬ್ಬರದ್ದೂ ತುಂಬಿದ ಮೈ, ಅಷ್ಟೇ ಹೋಲಿಕೆ. ಆ ಹೆಸರು ಅಂಟಿಕೊಂಡಿತು, ಸಾಯೋ ತನಕ ಬಿಡಲಿಲ್ಲ. ಅಂದ್ರೆ ಅವರ ಹೆಸರೇ ಅವರ ಮೈಕಟ್ಟಿನ ಮೇಲೆ ಯಾರೋ ಮಾಡಿದ ಟೀಕೆ!

1947ರಲ್ಲಿ ರೇಡಿಯೋಗೆ ಬಂದರು. ಬಿಬಿಸಿಯಲ್ಲಿ ‘ಇಟ್ಮಾ’ ಅಂತ ಭಾರಿ ಜನಪ್ರಿಯ ಹಾಸ್ಯ ಕಾರ್ಯಕ್ರಮ ಇತ್ತು. ಅದರಲ್ಲಿ ಇವರದ್ದು ಸೋಫಿ ಟಕ್‌ಶಾಪ್ ಅನ್ನೋ ಪಾತ್ರ. ಸಿಕ್ಕಿದ್ದನ್ನೆಲ್ಲ ತಿನ್ನೋ ಶಾಲೆ ಹುಡುಗಿ, ತಿಂದದ್ದರ ಪಟ್ಟಿ ಒಪ್ಪಿಸಿ, ಈಗ ಆರಾಮಾಗಿದ್ದೀನಿ ಅಂತ ಮುಗಿಸೋಳು. ನನಗೆ ವಿಚಿತ್ರ ಅನ್ಸೋದು ಇದೇ. ರೇಡಿಯೋದಲ್ಲಿ ಯಾರಿಗೂ ಮೈ ಕಾಣಲ್ಲ, ಬರೀ ದನಿ. ಅಲ್ಲೂ ಡುಮ್ಮಿ ಜೋಕು ಹುಡುಕಿಕೊಂಡು ಬಂತು. ಅಂದಹಾಗೆ, ಮುಂದೆ ಅವರು ‘ಎಜುಕೇಟಿಂಗ್ ಆರ್ಚಿ’ ಅನ್ನೋ ಇನ್ನೊಂದು ರೇಡಿಯೋ ಶೋನಲ್ಲೂ ಇದ್ದರು. ಅದರ ಹೀರೋ ಒಂದು ಮಾತಾಡೋ ಗೊಂಬೆ. ತುಟಿ ಅಲ್ಲಾಡಿಸದೆ ಗೊಂಬೆಯನ್ನ ಮಾತಾಡಿಸೋ ಕಲಾವಿದನ ಶೋ, ಅದೂ ರೇಡಿಯೋದಲ್ಲಿ! ತುಟಿ ಅಲ್ಲಾಡಿದ್ರೆ ಯಾರಿಗೆ ಗೊತ್ತಾಗುತ್ತೆ ಹೇಳಿ. ಆದ್ರೂ ಲಕ್ಷಾಂತರ ಜನ ಕೇಳ್ತಿದ್ದರು.

ಈಗ ಸಿನಿಮಾ. 1958ರಿಂದ ಬ್ರಿಟನ್ನಿನಲ್ಲಿ ‘ಕ್ಯಾರಿ ಆನ್’ ಅಂತ ಹಾಸ್ಯಚಿತ್ರಗಳ ಸರಣಿ ಶುರುವಾಯ್ತು. ಕಡಿಮೆ ಬಜೆಟ್ಟು, ಬೇಗ ಬೇಗ ಶೂಟಿಂಗು, ತುಂಬಾ ದ್ವಂದ್ವಾರ್ಥ. ಹ್ಯಾಟಿ ಅದರಲ್ಲಿ 14 ಚಿತ್ರ ಮಾಡಿದರು, ಐದರಲ್ಲಿ ಮೇಟ್ರನ್. ಮೇಟ್ರನ್ ಅಂದ್ರೆ ಆಸ್ಪತ್ರೆಯ ನರ್ಸುಗಳಿಗೆಲ್ಲ ಮುಖ್ಯಸ್ಥೆ. 1959ರ ‘ಕ್ಯಾರಿ ಆನ್ ನರ್ಸ್’ ಆ ವರ್ಷ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಗಳಿಸಿದ ಚಿತ್ರ. ಅದರಲ್ಲಿ ಮೇಟ್ರನ್ ವಾರ್ಡಿಗೆ ಬರೋದನ್ನ ಒಮ್ಮೆ ನೋಡಿ. ಹ್ಯಾಟಿ ಏನೂ ಮಾಡಲ್ಲ. ನೆಟ್ಟಗೆ ನಿಲ್ತಾರೆ, ನೋಡ್ತಾರೆ. ಸುತ್ತಲಿನವರೆಲ್ಲ ಗಡಗಡ. ನಗು ಹುಟ್ಟೋದು ಅವರ ದಪ್ಪದಿಂದಲ್ಲ, ಆ ಸ್ಥಿರತೆಯಿಂದ. ನಿಜವಾದ ವಾರ್ಡಿನಲ್ಲಿ ಕೆಲಸ ಮಾಡಿದವರು ಅಲ್ವಾ, ಮೇಟ್ರನ್ ಬಂದ್ರೆ ಏನಾಗುತ್ತೆ ಅಂತ ಅವರಿಗೆ ಗೊತ್ತಿತ್ತು. ಆ ಚಿತ್ರ ಜನರ ಮನಸ್ಸಲ್ಲಿ ಎಷ್ಟು ಗಟ್ಟಿ ಅಂದ್ರೆ, 2001ರ ಹೊತ್ತಿಗೆ ಬ್ರಿಟನ್ ಸರ್ಕಾರ ಆಸ್ಪತ್ರೆಗಳಿಗೆ ಮೇಟ್ರನ್ ಹುದ್ದೆ ವಾಪಸ್ ತಂದಾಗ ಪತ್ರಿಕೆಗಳಿಗೆ ನೆನಪಾದದ್ದು ಹ್ಯಾಟಿಯೇ.

ಆದರೆ ನನ್ನ ಲೆಕ್ಕದಲ್ಲಿ ನೋಡಲೇಬೇಕಾದದ್ದು 1963ರ ‘ಕ್ಯಾರಿ ಆನ್ ಕ್ಯಾಬಿ’. ಇಲ್ಲಿ ಅವರು ಟ್ಯಾಕ್ಸಿ ಕಂಪನಿ ಮಾಲೀಕನ ಹೆಂಡತಿ ಪೆಗ್ಗಿ. ಗಂಡನಿಗೆ ಬರೀ ಟ್ಯಾಕ್ಸಿ ಧ್ಯಾನ, ಮದುವೆ ವಾರ್ಷಿಕೋತ್ಸವಕ್ಕೂ ಮನೆಗೆ ಬರಲ್ಲ. ರೋಸಿಹೋದ ಪೆಗ್ಗಿ ಗುಟ್ಟಾಗಿ ತನ್ನದೇ ಕಂಪನಿ ಶುರು ಮಾಡ್ತಾಳೆ, ಡ್ರೈವರುಗಳೆಲ್ಲ ಹೆಂಗಸರು. ಗಂಡನ ಧಂದೆ ನೆಲಕಚ್ಚುತ್ತೆ. ಇಲ್ಲಿ ಹ್ಯಾಟಿ ಕೋಪ ಮಾಡ್ಕೋತಾರೆ, ಪ್ರೀತಿಸ್ತಾರೆ, ಬುದ್ಧಿ ಓಡಿಸ್ತಾರೆ. ಅವರಿಗೂ ಇದೇ ಅಚ್ಚುಮೆಚ್ಚಿನ ಚಿತ್ರವಾಗಿತ್ತಂತೆ. ಇಂಥ ಪಾತ್ರ ಆ ಸರಣಿಯಲ್ಲಿ ಮತ್ತೆ ಸಿಗಲಿಲ್ಲ. ಮತ್ತೆ ಮೇಟ್ರನ್, ಮತ್ತೆ ಡಾಕ್ಟರ ಹಿಂದೆ ಬೀಳೋ ದಡೂತಿ ಹೆಂಗಸು. ದುಡ್ಡಿನ ವಿಷಯವನ್ನೂ ಹೇಳಿಬಿಡ್ತೀನಿ: ಆ ಸರಣಿಯಲ್ಲಿ ದೊಡ್ಡ ನಟರಿಗೆ ಚಿತ್ರಕ್ಕೆ 5,000 ಪೌಂಡ್ ಇದ್ರೆ, ನಟಿಯರಿಗೆ ಹೆಚ್ಚೆಂದ್ರೆ ಅದರ ಅರ್ಧ.

ಮನೆ ಕಡೆ ಬರೋಣ. 1949ರಲ್ಲಿ ನಟ ಜಾನ್ ಲೆ ಮೆಷರರ್ ಜೊತೆ ಮದುವೆಯಾಗಿತ್ತು. ಇಬ್ಬರು ಗಂಡುಮಕ್ಕಳು. ಅರ್ಲ್ಸ್ ಕೋರ್ಟ್‌ನ ಅವರ ಮನೆಯಲ್ಲಿ ಕ್ರಿಸ್‌ಮಸ್ ಅಂದ್ರೆ ಜಾತ್ರೆ, ಒಂಟಿಯಾಗಿರೋ ಕಲಾವಿದರಿಗೆಲ್ಲ ಅಲ್ಲೇ ಊಟ. 1960ರ ದಶಕದ ಆರಂಭದಲ್ಲಿ ಹ್ಯಾಟಿಗೆ ತನಗಿಂತ ಚಿಕ್ಕವನಾದ ಒಬ್ಬ ಡ್ರೈವರ್ ಮೇಲೆ ಪ್ರೀತಿ ಹುಟ್ಟಿತು. ಆತ ಅದೇ ಮನೆಗೆ ಬಂದು ಉಳಿದ, ಗಂಡ ಬೇರೆ ಕೋಣೆಗೆ ಹೋದರು. ಇದರ ನಡುವೆಯೇ, 1963ರಲ್ಲಿ, ‘ದಿಸ್ ಈಸ್ ಯುವರ್ ಲೈಫ್’ ಅನ್ನೋ ಟೀವಿ ಕಾರ್ಯಕ್ರಮ ಹ್ಯಾಟಿಯ ಬದುಕನ್ನ ದೇಶದ ಮುಂದಿಟ್ಟಿತು. ಗಂಡ-ಹೆಂಡತಿ ಇಬ್ಬರೂ ಸುಖೀ ದಂಪತಿಯಾಗಿ ನಕ್ಕರು. ಎಂಥ ನಟನೆ ಅಂತೀನಿ!

ಆಗ ಇಂಗ್ಲೆಂಡಿನಲ್ಲಿ ಡಿವೋರ್ಸ್ ಬೇಕಂದ್ರೆ ಸಾಮಾನ್ಯವಾಗಿ ಒಬ್ಬರ ಮೇಲೆ ತಪ್ಪು ಹೊರಿಸಬೇಕಿತ್ತು. 1965ರಲ್ಲಿ ಲೆ ಮೆಷರರ್ ಆ ತಪ್ಪನ್ನ ತಾವೇ ಹೊತ್ತುಕೊಂಡರು, ಹೆಂಡತಿ ತನ್ನ ಮೇಲೆ ಕೇಸು ಹಾಕೋಕೆ ಬಿಟ್ಟರು. ಯಾಕೆ? ಪತ್ರಿಕೆಗಳಿಗೆ ನಿಜ ಗೊತ್ತಾದ್ರೆ ಹ್ಯಾಟಿಯ ಕೆಲಸ ಮುಗೀತು ಅಂತ. ದಪ್ಪಗಿರೋ, ಎಲ್ಲರಿಗೂ ಅಮ್ಮನಂಥ ನಟಿಗೆ ಆಸೆ ಇರುತ್ತೆ ಅನ್ನೋದನ್ನ ಜನ ತೆರೆ ಮೇಲೆ ಜೋಕಾಗಿ ಒಪ್ಪಿದ್ದರು, ಮನೆಯೊಳಗಿನ ನಿಜವಾಗಿ ಒಪ್ತಿರಲಿಲ್ಲ. ಕೊನೆಗೆ ಆ ಡ್ರೈವರ್ ಕೂಡ ಬಿಟ್ಟು ಹೋದ. ಹ್ಯಾಟಿಯ ತೂಕ ಇನ್ನೂ ಏರಿತು. ಯಾವ ದೇಹ ತೋರಿಸಿ ಸಿನಿಮಾದವರು ದುಡ್ಡು ಮಾಡಿದರೋ, ಆ ದೇಹಕ್ಕೆ ಕೊನೆಕೊನೆಗೆ ವಿಮೆ ಸಿಗೋದೇ ಕಷ್ಟವಾಯ್ತು. 1974ರ ನಂತರ ಅವರು ಕ್ಯಾರಿ ಆನ್ ಚಿತ್ರ ಮಾಡಲಿಲ್ಲ.

ಕೈಬಿಡದೆ ಉಳಿದದ್ದು ಎರಿಕ್ ಸೈಕ್ಸ್. ಇವರಿಬ್ಬರೂ 1960ರಲ್ಲಿ ಬಿಬಿಸಿ ಟೀವಿಗೆ ಒಂದು ಧಾರಾವಾಹಿ ಶುರು ಮಾಡಿದ್ದರು. ಒಂದೇ ಮನೆಯಲ್ಲಿರೋ ಅಣ್ಣ-ತಂಗಿ, ಅದೂ ಅವಳಿ-ಜವಳಿ! ಆತ ಕಡ್ಡಿ, ಈಕೆ ಬಂಡೆ, ಆದ್ರೆ ಅವಳಿ ಅನ್ನೋದನ್ನ ಇಬ್ಬರೂ ಗಂಭೀರವಾಗಿ ನಂಬಿದ್ದಾರೆ. ಒಮ್ಮೆ ಆ ತಮಾಷೆ ಒಪ್ಪಿಕೊಂಡ ಮೇಲೆ ತೂಕ ಮರೆತೇ ಹೋಗುತ್ತೆ, ಉಳಿಯೋದು ಇಬ್ಬರ ಜಗಳ, ಸಲುಗೆ. ಮೊದಲು 1965ರ ತನಕ, ಮತ್ತೆ 1972ರಿಂದ 1979ರ ತನಕ ಅದು ನಡೀತು. 1980ರ ಅಕ್ಟೋಬರ್ 6ರಂದು ಹ್ಯಾಟಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 58. ಧಾರಾವಾಹಿಯೂ ಅಲ್ಲಿಗೇ ನಿಂತಿತು.